ಅಗುಳಿ ತೆಗೆದದ್ದು ನಾನಲ್ಲ

ಮಾರ್ಚ್ 4

ಮಗಳೇ,

ಕ್ಷೇಮ ಸಮಾಚಾರ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಜಗಳ.

ಕೈಯಲ್ಲಿ ಫೋನಿದ್ದೂ ಅಮ್ಮ ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ಗುಂಪಿನಲ್ಲಿ ಬರೆಯೋಣವೆಂದರೆ ನನ್ನನ್ನು ಮ್ಯೂಟ್ ಮಾಡಿದ್ದೀ. ಫೋನ್ ಮಾಡಿದರೆ ‘ಲಿಫ್ಟ್ ಮೇಲಿದೀನಮ್ಮ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀ. ಆ ‘ಆಮೇಲೆ’ ಹೇಳಿ ಹತ್ತು ದಿನವಾಯಿತು. ಕಾಗದಕ್ಕೆ ಅಡ್ಮಿನ್ ಇಲ್ಲ. ಬೇಕಾದರೆ ಇದನ್ನು ನೀನು ಹರಿದು ಹಾಕಬಹುದು. ಆದರೆ ನಾನು ಬರೆಯದ ಮಾತನ್ನು ನಾನು ಬರೆದೆನೆಂದು ಇದರೊಳಗೆ ಸೇರಿಸಲು ನಿನ್ನಿಂದಾಗದು.

ಅಲ್ಲಿ ಸೇರಿಸಿದ್ದೀಯಲ್ಲ! ನನ್ನ ಸಿಟ್ಟು ಅದಕ್ಕೇ.

ಹೋದ ತಿಂಗಳ ಮೂರನೆಯ ಭಾನುವಾರ ನಾನು ಗುಂಪಿನಲ್ಲಿ ನಡೆಯುವ ನಮ್ಮ ಕಥೆಯಾಟಕ್ಕೆ ಬರಲಿಲ್ಲ, ನಿಜ. ಹದಿನಾಲ್ಕು ತಿಂಗಳಲ್ಲಿ ತಪ್ಪಿಸಿದ್ದು ಅದೊಂದೇ ಭಾನುವಾರ. ಅವತ್ತು ಬೆಳಿಗ್ಗೆ ನಮ್ಮ ಡಿಪೋ ಅಂಗಳದಲ್ಲಿ ಹಿಂದಕ್ಕೆ ಬರುತ್ತಿದ್ದ ಬಸ್ಸೊಂದು ಡೀಸೆಲ್ ಪಂಪಿಗೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಪಂಪು ಕೆಟ್ಟರೆ ಬಸ್ಸು ಹೊರಡುವುದಿಲ್ಲ; ಬಸ್ಸು ಹೊರಡದಿದ್ದರೆ ಡ್ರೈವರು ಕಂಡಕ್ಟರುಗಳೆಲ್ಲ ನನ್ನ ಕಿಟಕಿಗೆ ಮುತ್ತಿಗೆ ಹಾಕುತ್ತಾರೆ. ಡ್ಯೂಟಿ ಪಟ್ಟಿ ಬರೆಯುವವಳು ನಾನೊಬ್ಬಳೇ ತಾನೆ? ಬರೆದ ಪಟ್ಟಿಯನ್ನು ಹರಿದು, ನೂರ ನಲವತ್ತು ಜನರಿಗೆ ಹೊಸ ಪಟ್ಟಿ ಬರೆಯುವಷ್ಟರಲ್ಲಿ ಮಧ್ಯಾಹ್ನ ಮೂರಾಗಿತ್ತು. ಫೋನ್ ಮೇಜಿನ ಖಾನೆಯಲ್ಲಿತ್ತು.

ಸಂಜೆ ಮನೆಗೆ ಬಂದು ಕಾಲು ಚಾಚಿ, ಆಟದೊಳಗಿನ ನಮ್ಮ ಕೋಟೆಪಟ್ಟಣದಲ್ಲಿ ಇವತ್ತು ಏನಾಯಿತೋ ಎಂದು ಓದಲು ಕುಳಿತರೆ ಪಟ್ಟಣವೇ ಇಲ್ಲ! ಸುಟ್ಟು ಬೂದಿ. ಯಾಕೆ? ಸೂತ್ರಧಾರಿಯಾದ ನೀನು ನಿನ್ನ ಕೈಯಾರೆ ಬರೆದಿದ್ದೀ: ‘ಸೇನಾಪತಿ ಕತ್ತಿ ಎತ್ತಿದ ಕೂಡಲೇ ಬಾಗಿಲಮ್ಮನ ಮೊಣಕಾಲು ನಡುಗಿತು. ಅಳುತ್ತಾ ಅಗುಳಿ ತೆಗೆದಳು. ನನ್ನೊಬ್ಬಳನ್ನು ಬಿಟ್ಟುಬಿಡಿ, ಉಳಿದವರನ್ನು ಏನು ಬೇಕಾದರೂ ಮಾಡಿಕೊಳ್ಳಿ ಎಂದಳು.’

ಎಂದಳೇ? ಯಾರು ಎಂದದ್ದು? ಬಾಗಿಲಮ್ಮ ನನ್ನ ಪಾತ್ರ. ಅವಳು ಉಸಿರಾಡಬೇಕಾದರೂ ನಾನು ಬರೆಯಬೇಕು. ಈ ಆಟಕ್ಕೆ ನನ್ನನ್ನು ಎಳೆದು ತಂದ ದಿನ ನೀನೇ ಹೇಳಿಕೊಟ್ಟದ್ದು ಮರೆತೆಯಾ? ‘ಅಮ್ಮ, ಇದು ಗೆಲ್ಲೋ ಸೋಲೋ ಆಟ ಅಲ್ಲ. ಒಂಬತ್ತು ಜನ ಸೇರ್ಕೊಂಡು ಒಂದು ಕಥೆ ಬರೆಯೋದು. ಊರು, ಗಾಳಿ, ಮಳೆ, ಬೆಂಕಿ ಇವೆಲ್ಲ ಸೂತ್ರಧಾರಿ ಕೈಲಿ. ಆದ್ರೆ ನಿನ್ನ ಪಾತ್ರದ ಕೈ, ಕಾಲು, ಬಾಯಿ ಮೂರೂ ನಿಂದು. ಅದನ್ನ ನಾನೂ ಮುಟ್ಟೋ ಹಾಗಿಲ್ಲ. ಇಬ್ಬರಿಗೂ ತಕರಾರು ಬಂತು ಅಂದ್ರೆ ಎಲ್ಲರ ಕಣ್ಣೆದುರಿಗೇ ದಾಳ ಹಾಕ್ತೀವಿ.’ ಎಷ್ಟು ಚೆನ್ನಾಗಿ ಹೇಳಿದ್ದೆ! ನನ್ನ ಮಗಳಿಗೆ ನ್ಯಾಯ ಗೊತ್ತು ಎಂದು ಅವತ್ತು ನನಗೆ ಹೆಮ್ಮೆಯಾಗಿತ್ತು.

ಕೆಳಗೆ ಬೇಕರಿಯವನ ಪಾತ್ರದವರು ‘ಥೂ, ಹೇಡಿ’ ಎಂದು ಬರೆದಿದ್ದರು. ಪಾಪ, ಅವರ ಬೇಕರಿ ಸುಟ್ಟಿದೆ, ಇನ್ನೇನು ಬರೆದಾರು? ನಾನು ಕೇಳಿದ್ದು ಇಷ್ಟೇ: ‘ಇದನ್ನು ಬರೆಯಲು ಯಾರು ಹೇಳಿದರು? ದಾಳ ಎಲ್ಲಿ?’ ಆ ಸೇನಾಪತಿ ನಗುವ ಮುಖ ಹಾಕಿ ‘ಅಜ್ಜಿಗೆ ಕೋಪ ಬಂತು’ ಎಂದ. ಎರಡನೆಯ ಸಲ ಕೇಳಿದೆ. ಮೂರನೆಯ ಸಲ ಕೇಳಿದೆ. ಪರದೆಯ ಮೇಲೆ ಬಂತು, ‘ನಿಮಗೆ ಇಲ್ಲಿ ಬರೆಯಲು ಅನುಮತಿ ಇಲ್ಲ’.

ಹೆತ್ತ ತಾಯಿಗೆ ಅನುಮತಿ ಕೊಡು ಎಂದು ನಾನು ಕೇಳುತ್ತಿಲ್ಲ. ತಾಯಿ ಎಂಬ ಮಾತು ಇಲ್ಲಿಗೆ ತರಬೇಡ. ಒಬ್ಬ ಆಟಗಾರ್ತಿಯಾಗಿ ಕೇಳುತ್ತಿದ್ದೇನೆ. ಆ ಸಾಲುಗಳನ್ನು ತೆಗೆ. ತೆಗೆದದ್ದು ಯಾಕೆಂದು ಎಲ್ಲರೆದುರು ಹೇಳು. ಮಾನ ಹೋದದ್ದು ಎಲ್ಲರೆದುರು. ನನ್ನ ಕಿವಿಯಲ್ಲಿ ಮಾತ್ರ ‘ಸಾರಿ ಅಮ್ಮ’ ಎಂದರೆ ನಡೆಯುವುದಿಲ್ಲ.

ಇನ್ನು ಕ್ಷೇಮ. ಬಿ.ಪಿ. ಏರಿದೆ. ಯಾರಿಂದ ಎಂದು ಬರೆಯಬೇಕಾಗಿಲ್ಲ.

ನಿನ್ನ ಅಮ್ಮ

*

ಮಾರ್ಚ್ 17

ಅಮ್ಮ,

ನಿನ್ನ ಕಾಗದ ಬಂತು.

ಅವತ್ತು ನಿನಗೆ ಎರಡು ಸಲ ಫೋನ್ ಮಾಡಿದ್ದೆ, ನೋಡಿಕೋ. ಆರು ಜನ ಪರದೆಯ ಮುಂದೆ ಕಾಯುತ್ತಿದ್ದರು. ವಾರಕ್ಕೆ ಸಿಗುವುದು ಎರಡೇ ಗಂಟೆ. ಐದು ಭಾನುವಾರದಿಂದ ಕಥೆ ಆ ಬಾಗಿಲ ಮುಂದೆಯೇ ನಿಂತಿತ್ತು. ಸೈನ್ಯ ಹೊರಗೆ, ಊರು ಒಳಗೆ, ನೀನು ನಡುವೆ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಕಥೆ ಮುಂದೆ ಹೋಗಬೇಕಲ್ಲ ಅಮ್ಮ? ಸೂತ್ರಧಾರಿ ಎಂದ ಮೇಲೆ ಒಮ್ಮೊಮ್ಮೆ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ. ಎಲ್ಲರಿಗೂ ಹಿತವಾಗುವ ಹಾಗೆ ಇರುವುದಿಲ್ಲ.

ಮ್ಯೂಟ್ ಮಾಡಿದ್ದು ನಿಯಮದ ಪ್ರಕಾರ. ಒಂದೇ ಮಾತನ್ನು ಮೂರು ಸಲ ಹಾಕಿದರೆ ಯಾರನ್ನಾದರೂ ಹಾಗೇ ಮಾಡುತ್ತೇವೆ.

ನಿನಗೆ ಬೇರೆ ಪಾತ್ರ ಕೊಡುತ್ತೇನೆ. ಪಕ್ಕದ ರಾಜ್ಯದ ರಾಣಿಯ ಪಾತ್ರ ಖಾಲಿ ಇದೆ. ಕುದುರೆ, ಅರಮನೆ, ಎಲ್ಲ ಇದೆ. ಬಾಗಿಲು ಕಾಯುವ ಮುದುಕಿಗಿಂತ ಚೆನ್ನಾಗಿದೆ. ದಯವಿಟ್ಟು ಇದನ್ನು ದೊಡ್ಡದು ಮಾಡಬೇಡ. ಆಟ ಅಮ್ಮ ಇದು. ನಿನ್ನ ಡಿಪೋ ಅಲ್ಲ.

ಅಕ್ಷರ ಸೊಟ್ಟಗಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಈ ತಿಂಗಳೂ ನನಗೆ ಗುಂಡಿ ಕೆಲಸ. ಲಿಫ್ಟ್ ಬಂದು ನಿಲ್ಲುತ್ತದಲ್ಲ, ಅದರ ಕೆಳಗಿನ ಗುಂಡಿಗೆ ಇಳಿದು ನಿಂತ ನೀರು, ಹಳೇ ಗ್ರೀಸು ಬಳಿಯುವುದು. ಬಲಗೈ ಬೆರಳು ಊದಿಕೊಂಡಿವೆ. ಮುಲಾಮು ಹಚ್ಚುತ್ತಿದ್ದೇನೆ, ಗಾಬರಿ ಬೇಡ.

ನಿನ್ನ ಮಗಳು

*

ಮಾರ್ಚ್ 23

ಮಗಳೇ,

ರಾಣಿಯನ್ನು ನೀನೇ ಇಟ್ಟುಕೋ. ಕುದುರೆಯನ್ನೂ ಇಟ್ಟುಕೋ.

ಬಾಗಿಲು ಕಾಯುವ ಮುದುಕಿ ಎಂದು ಎಷ್ಟು ಸಲೀಸಾಗಿ ಬರೆದೆ! ಆ ಮುದುಕಿಯನ್ನು ಹದಿನಾಲ್ಕು ತಿಂಗಳು ಕಟ್ಟಿ ನಿಲ್ಲಿಸಿದವಳು ನಾನು. ಅವಳ ಎಡಗಿವಿ ಮಂದ, ಗೊತ್ತಾ? ಅದಕ್ಕೇ ಬಾಗಿಲಿಗೆ ಬಲಗಿವಿ ಇಟ್ಟು ಹೊರಗಿನವರ ಹೆಜ್ಜೆ ಕೇಳುತ್ತಾಳೆ. ಅವಳಿಗೆ ಹೆದರಿಕೆ ಇಲ್ಲವೆಂದು ನಾನು ಎಂದೂ ಬರೆದಿಲ್ಲ. ಹೆದರಿಕೆ ಬಂದಾಗ ಅವಳು ಜೋರಾಗಿ ಆಕಳಿಸುತ್ತಾಳೆ. ಅಳುವುದಿಲ್ಲ. ಅವಳನ್ನು ಮುರಿಯಬೇಕೆಂದಿದ್ದರೂ ಅವಳು ಹೇಗೆ ಮುರಿಯುತ್ತಾಳೆ ಎಂದು ನನ್ನನ್ನು ಕೇಳಬೇಕಿತ್ತು. ಕೇಳಿದ್ದರೆ ನಾನೇ ಬರೆದುಕೊಡುತ್ತಿದ್ದೆನೋ ಏನೋ! ನನ್ನ ತಕರಾರು ಅವಳು ಸೋತದ್ದಕ್ಕಲ್ಲ ಎಂಬುದು ನಿನ್ನ ತಲೆಗೆ ಹೋಗುತ್ತಿಲ್ಲ.

ಕಥೆ ಮುಂದೆ ಹೋಗಲಿಲ್ಲ ಎನ್ನುತ್ತೀ. ಬಾಗಿಲು ಒಡೆಯಲು ದಿಮ್ಮಿ ತರಲಿ, ಸುರಂಗ ತೋಡಲಿ, ಗೋಡೆಗೆ ಏಣಿ ಹಾಕಲಿ. ಬೇಡ ಎಂದವರು ಯಾರು? ಅದಕ್ಕೆಲ್ಲ ದಾಳ ಹಾಕಬೇಕಾಗುತ್ತದೆ, ಸೋಲಬೇಕಾಗಿ ಬರಬಹುದು. ನನ್ನ ಕೈ ಹಿಡಿದು ತೆಗೆಸಿದರೆ ಆ ರಗಳೆ ಇಲ್ಲ.

ಇನ್ನೊಂದು ಸುದ್ದಿ. ನನ್ನ ಬಾಯಿಗೆ ಬೀಗ ಬಿದ್ದದ್ದನ್ನು ನೋಡಿ ಸೂಲಗಿತ್ತಿ ಫೋನ್ ಮಾಡಿದ್ದರು. ಆಟದಲ್ಲಿ ಅವರು ಎರಡೂ ಕಡೆಯ ಹೆಂಗಸರಿಗೆ ಹೆರಿಗೆ ಮಾಡಿಸುವ ಸೂಲಗಿತ್ತಿ; ನಿಜದಲ್ಲಿ ಹುರಿಮೀಸೆಯ ಕ್ಷೌರಿಕರು. ಫೋನಿನಲ್ಲಿ ಅವರ ಗಡಸು ದನಿ ಕೇಳಿ ನಾನು ತಪ್ಪು ನಂಬರ್ ಎಂದುಕೊಂಡೆ.

‘ಅಮ್ಮಾವ್ರೇ, ನಾನು ಜನವರಿಯಿಂದ ಆಟ ಯಾಕೆ ಬಿಟ್ಟೆ ಗೊತ್ತಾ?’ ಎಂದರು.

‘ಅಂಗಡಿ ಕೆಲಸ ಜಾಸ್ತಿ ಅಂದ್ಕೊಂಡಿದ್ದೆ.’

‘ಕೆಲಸ ಏನು ಬಂತು. ಆ ಸೇನಾಪತಿ ನನ್ನ ಸೂಲಗಿತ್ತೀನ ಜಡೆ ಹಿಡಿದು ಡೇರೆಗೆ ಎಳ್ಕೊಂಡು ಹೋದೆ ಅಂತ ಬರೆದ. ದಾಳ ಇಲ್ಲ, ಏನಿಲ್ಲ. ನಿಮ್ಮ ಮಗಳು ಸರಿ ಅಂದ್ಬಿಟ್ಲು. ನಾನು ಗಂಡಸು, ನಂಗೇ ಅವತ್ತು ಊಟ ಸೇರ್ಲಿಲ್ಲ. ಯಾರ ಹತ್ರ ಹೇಳ್ಕೊಳ್ಳೋದು? ಆಟಕ್ಕೆ ಅಳ್ತಾನೆ ಅಂತ ನಗ್ತಾರೆ.’

ಅವರ ಮಾತು ಕೇಳಿದ ಮೇಲೆ ನಾನು ಮೊದಲಿನಿಂದ ಎಲ್ಲ ಓದಿದೆ. ಬರೆಯಲು ಬಿಡದಿದ್ದರೂ ಓದಲು ಬಿಟ್ಟಿದ್ದೀಯಲ್ಲ, ದೊಡ್ಡ ಉಪಕಾರ. ಆಗಸ್ಟಿನ ಈಚೆಗೆ ಸೇನಾಪತಿಯ ದಾಳ ಒಂದು ಸಲವೂ ಪರದೆಯ ಮೇಲೆ ಬಿದ್ದಿಲ್ಲ. ಉಳಿದವರೆಲ್ಲರ ದಾಳ ಬೀಳುತ್ತದೆ. ಅವನದು ಮಾತ್ರ ‘ಗೆದ್ದನು’ ಎಂದು ನಿನ್ನ ಬರಹದಲ್ಲಿ ಬರುತ್ತದೆ. ಯಾರು ಈ ಸೇನಾಪತಿ?

ನನಗೆ ಪಟ್ಟಿ ಓದಿ ಓದಿ ಒಂದು ಕೆಟ್ಟ ಅಭ್ಯಾಸ. ‘ಈ ತಿಂಗಳೂ ಗುಂಡಿ ಕೆಲಸ’ ಎಂದು ಬರೆದಿದ್ದೀ. ತಿಂಗಳು ಅಲ್ಲ, ತಿಂಗಳೂ. ಹೋದ ತಿಂಗಳೂ ನೀನೇ ಇಳಿದಿದ್ದೆಯಾ? ಅದರ ಹಿಂದಿನ ತಿಂಗಳು? ನೀವು ಒಟ್ಟು ಎಷ್ಟು ಜನ ಮೆಕ್ಯಾನಿಕ್ಕುಗಳಿದ್ದೀರಿ?

ಸಿಟ್ಟು ಇಳಿದಿಲ್ಲ. ಬೆರಳಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ಅಮ್ಮ

*

ಮೇ 2

ಅಮ್ಮ,

ಐದು ವಾರ ಉತ್ತರ ಬರೆಯದ್ದಕ್ಕೆ ನೀನು ಮೂರು ಸಲ ಫೋನ್ ಮಾಡಿದೆ. ‘ಕಾಗದ ತಲುಪಿದೆ’ ಎಂದಷ್ಟೇ ಹೇಳಿ ಇಟ್ಟೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಈ ಕಾಗದವನ್ನೂ ಮೂರು ಸಲ ಬರೆದು ಹರಿದಿದ್ದೇನೆ.

ನಾವು ಆರು ಜನ. ಆರರಲ್ಲಿ ನಾನೊಬ್ಬಳೇ ಹೆಣ್ಣು. ಹೋದ ಆಗಸ್ಟಿನಿಂದ ಗುಂಡಿಗೆ ಹೆಚ್ಚು ಸಲ ಇಳಿದವಳು ನಾನು.

ಸೇನಾಪತಿ ನಮ್ಮ ಮೇಲ್ವಿಚಾರಕರು.

ಯಾವ ಕಟ್ಟಡಕ್ಕೆ ಯಾರು, ಯಾವ ಲಿಫ್ಟಿಗೆ ಯಾರು ಎಂದು ದಿನಾ ಬೆಳಿಗ್ಗೆ ಬಾಯಲ್ಲಿ ಹೇಳುವವರು ಅವರೇ. ಪಟ್ಟಿ ಇಲ್ಲ. ಹೋದ ವರ್ಷ ಊಟದ ಹೊತ್ತಿನಲ್ಲಿ ನಾನು ಆಟದ ಬರಹ ಬರೆಯುತ್ತಿದ್ದೆ. ‘ಏನದು? ನಂಗೂ ಒಂದು ಪಾತ್ರ ಕೊಡಮ್ಮ’ ಎಂದರು. ನನಗೆ ಖುಷಿಯಾಯಿತು. ಹೊಸಬಳು ನಾನು; ಸಾಹೇಬರ ಜೊತೆ ನಾಲ್ಕು ಮಾತಾಡಲು ಒಂದು ದಾರಿಯಾಯಿತು ಎಂದುಕೊಂಡೆ. ಅದು ನನ್ನ ತಪ್ಪು, ನಾನೇ ಕರೆದದ್ದು.

ಮೊದಲೆರಡು ತಿಂಗಳು ಎಲ್ಲ ಸರಿಯಿತ್ತು. ಒಂದು ಭಾನುವಾರ ಹೊಳೆ ದಾಟುವಾಗ ಅವರ ದಾಳ ಸೋತಿತು, ಸೈನ್ಯ ಅರ್ಧ ಕೊಚ್ಚಿಹೋಯಿತು. ಸೋಮವಾರ ನನ್ನನ್ನು ಗುಂಡಿಗೆ ಇಳಿಸಿದರು. ಸರದಿ ಇರಬೇಕು ಎಂದುಕೊಂಡೆ. ಇನ್ನೊಂದು ಭಾನುವಾರ ಸೋತರು, ಮತ್ತೆ ಸೋಮವಾರ ಗುಂಡಿ. ಮೂರನೆಯ ಸಲ ದಾಳ ಸೋತಾಗ ನಾನು ಅದನ್ನು ಮುಚ್ಚಿಟ್ಟು ‘ಗೆದ್ದನು’ ಎಂದು ಬರೆದೆ. ಸೋಮವಾರ ಹೊಸ ಕಟ್ಟಡದ ಮೋಟರ್ ಕೋಣೆಗೆ ಕಳಿಸಿದರು. ಗಾಳಿ, ಬೆಳಕು, ಒಣ ನೆಲ. ಆಟ ಅವರಿಷ್ಟದಂತೆ ನಡೆಯದ ವಾರವೆಲ್ಲ ಮತ್ತೆ ಗುಂಡಿ. ಅವರು ಒಂದು ದಿನವೂ ಬಾಯಿಬಿಟ್ಟು ಏನೂ ಹೇಳಲಿಲ್ಲ ಅಮ್ಮ. ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೇನೋ.

ಫೆಬ್ರವರಿಯಲ್ಲಿ ಮಾತ್ರ ಹೇಳಿದರು.

‘ಆ ಬಾಗಿಲು ಇನ್ನೂ ಎಷ್ಟು ವಾರ? ನಿಮ್ಮಮ್ಮ ಅಲ್ವಾ ಅದು? ಒಂದು ಮಾತು ಹೇಳು.’

‘ಪಾತ್ರ ಅವರದ್ದು ಸಾರ್. ನಾನು ಹೇಳೋ ಹಾಗಿಲ್ಲ.’

‘ಹಂಗಾದ್ರೆ ಗುಂಡಿ ನಿಂದು’ ಎಂದು ನಕ್ಕರು. ಉಳಿದವರೂ ನಕ್ಕರು. ನಾನೂ ನಕ್ಕೆ.

ಆ ಭಾನುವಾರ ನೀನು ಬರಲಿಲ್ಲ. ನಿನಗೆ ಎರಡು ಸಲ ಫೋನ್ ಮಾಡಿದೆ ಎಂದು ಬರೆದಿದ್ದೆ. ನಿಜ. ಎರಡು ಸಲವೂ, ನೀನು ಎತ್ತದಿದ್ದರೆ ಸಾಕು ಎಂದು ಬಯಸುತ್ತಿದ್ದೆ. ನಾನು ಬರೆಯುವಾಗ ಅವರು ಬೇರೆಯಾಗಿ ನನಗೆ ಮೆಸೇಜು ಹಾಕುತ್ತಿದ್ದರು. ‘ಅವಳು ಅಳ್ಬೇಕು. ಬೇಡ್ಕೊಳ್ಳಲಿ.’ ಹಾಗೇ ಬರೆದೆ.

ಇಷ್ಟೆಲ್ಲ ಮಾಡಿಯೂ ಮಾರ್ಚಿನಲ್ಲಿ ಗುಂಡಿ ತಪ್ಪಲಿಲ್ಲ. ನೀನು ಎಲ್ಲರೆದುರು ‘ದಾಳ ಎಲ್ಲಿ’ ಎಂದು ಕೇಳಿಬಿಟ್ಟೆಯಲ್ಲ, ಅದಕ್ಕೆ. ನಿನ್ನನ್ನು ಮ್ಯೂಟ್ ಮಾಡಿದ್ದು ಮಾತ್ರ ಅವರು ಹೇಳಿ ಅಲ್ಲ. ಅದನ್ನು ನಾನೇ ಮಾಡಿದೆ. ಇನ್ನೂ ಒಂದು ಸಲ ನೀನು ಕೇಳಿದ್ದರೆ ನಾನು ಏನು ಉತ್ತರ ಕೊಡಬೇಕಿತ್ತೋ ಗೊತ್ತಿರಲಿಲ್ಲ.

ಇಲ್ಲಿಗೆ ಬಂದು ರಂಪ ಮಾಡಬೇಡ. ಕಾಲಿಗೆ ಬೀಳುತ್ತೇನೆ.

ನಿನ್ನ ಮಗಳು

*

ಮೇ 8

ಮಗಳೇ,

ನಿನ್ನ ಕಾಗದ ಓದಿ ಚಪ್ಪಲಿ ಮೆಟ್ಟಿಕೊಂಡೆ. ಚೀಲಕ್ಕೆ ಒಂದು ಸೀರೆ ತುರುಕಿದೆ. ನಿನ್ನೂರಿಗೆ ಬರುವ ಬಸ್ಸಿನ ಡ್ರೈವರು ನಮ್ಮವನೇ, ‘ಎಲ್ಲಿಗೆ ಮೇಡಂ?’ ಎಂದ. ‘ಒಬ್ಬನ ಕೊರಳಪಟ್ಟಿ ಹಿಡಿಯೋಕೆ’ ಎಂದೆ. ‘ಹತ್ತಿ, ನಾನೂ ಬರ್ತೀನಿ’ ಎಂದ.

ಹತ್ತಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಾಗ ಅನ್ನಿಸಿತು: ನೀನು ಬರಬೇಡ ಎಂದಿದ್ದೀ. ನೀನು ಬೇಡವೆಂದ ಮೇಲೂ ನಿನ್ನ ಪರವಾಗಿ ನಾನು ಬಂದು ಕೂಗಾಡಿದರೆ, ನಾನು ನಿನ್ನ ಕೈಬಾಯಿ ಆಡಿಸಿದಂತೆಯೇ ಆಯಿತಲ್ಲ? ಆಗ ನನಗೂ ಆ ಮನುಷ್ಯನಿಗೂ ಏನು ವ್ಯತ್ಯಾಸ? ಇಳಿದು ಮನೆಗೆ ಬಂದೆ. ಈ ಮೂರು ದಿನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು. ಡಿಪೋದಲ್ಲಿ ಎಲ್ಲರ ಮೇಲೂ ರೇಗಿದ್ದೇನೆ.

‘ಹಂಗಾದ್ರೆ ಗುಂಡಿ ನಿಂದು’ ಎಂದನಂತೆ! ಕೆಲಸ ಹಂಚುವ ಕೈಯಿಂದ ಅವನು ಇಂಥ ಕೆಲಸ ಮಾಡಿದನಲ್ಲ, ಅವನ ಮುಖಕ್ಕಿಷ್ಟು! ಹತ್ತೊಂಬತ್ತು ವರ್ಷದಿಂದ ನಾನೂ ಪಟ್ಟಿ ಬರೆಯುತ್ತಿದ್ದೇನೆ. ಒಂದು ಹೆಸರನ್ನು ಮೇಲಿಂದ ಕೆಳಗೆ ಹಾಕಿದರೆ ಒಂದು ಮನೆಯ ಅಡುಗೆ ಹೊತ್ತು, ಮಕ್ಕಳನ್ನು ಶಾಲೆಯಿಂದ ಕರೆತರುವ ಹೊತ್ತು, ಸೊಂಟನೋವು ಎಲ್ಲ ಬದಲಾಗುತ್ತದೆ. ನಮ್ಮಂಥವರ ಪೆನ್ಸಿಲ್ಲಿಗೆ ಎಷ್ಟು ಬಲ ಇರುತ್ತದೆ ಎಂದು ನನಗೆ ಗೊತ್ತು. ಅವನಿಗೂ ಗೊತ್ತು.

ನಿನಗೆ ಹೇಳದ ಒಂದು ಮಾತಿದೆ. ನಾನು ಕಂಡಕ್ಟರ್ ಆಗಿ ಸೇರಿದ ಹೊಸದರಲ್ಲಿ ಪಟ್ಟಿ ಬರೆಯುತ್ತಿದ್ದವನು ಬೇರೆ. ಅವನ ಹಾಸ್ಯಕ್ಕೆ ನಕ್ಕವರಿಗೆ ಪೇಟೆಯೊಳಗಿನ ರೂಟು. ನಾನು ನಗಲಿಲ್ಲ. ಏಳು ತಿಂಗಳು ಕಲ್ಲುಕ್ವಾರಿ ರೂಟಿಗೆ ಹಾಕಿದ. ಮನೆಗೆ ಬಂದಾಗ ಕಣ್ಣುರೆಪ್ಪೆಯ ಮೇಲೂ ಬಿಳಿ ಧೂಳು ಇರುತ್ತಿತ್ತು. ‘ಅಮ್ಮ ಅಜ್ಜಿ ಆದ್ಲು’ ಎಂದು ನೀನು ಕೈತಟ್ಟಿ ನಗುತ್ತಿದ್ದೆ. ಏಳು ತಿಂಗಳಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಅದಕ್ಕೇ, ನೀನು ಅವನೆದುರು ನಕ್ಕದ್ದನ್ನು ನಾನು ಹಂಗಿಸುವುದಿಲ್ಲ. ಆದರೆ ಪಟ್ಟಿ ನನ್ನ ಕೈಗೆ ಬಂದ ದಿನ ಮೊದಲು ಮಾಡಿದ ಕೆಲಸ, ಅದನ್ನು ಗೋಡೆಗೆ ಅಂಟಿಸಿದ್ದು. ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ಜಗಳ ಆಡಬಹುದು. ಆಡುತ್ತಾರೆ ಕೂಡ, ದಿನಾ ನನ್ನ ತಲೆ ತಿನ್ನುತ್ತಾರೆ.

ಕೆಲಸದ ವಿಷಯ ನಿನ್ನದು. ಕೇಳಿದರೆ ಹೇಳುತ್ತೇನೆ. ಕರೆದರೆ ಬರುತ್ತೇನೆ.

ಆಟದ ವಿಷಯ ಹಾಗಲ್ಲ, ಅದು ನನ್ನದೂ ಹೌದು, ಆ ಮೀಸೆ ಕ್ಷೌರಿಕರದ್ದೂ ಹೌದು. ನಿನಗೆ ಕಷ್ಟವಿತ್ತು, ಒಪ್ಪಿದೆ. ಅವನು ನಿನ್ನನ್ನು ಗುಂಡಿಗೆ ಇಳಿಸಿದ. ಆ ಹೆದರಿಕೆಯಲ್ಲಿ ನೀನು ನಮ್ಮನ್ನು ಇಳಿಸಿದೆ. ಮೊದಲನೆಯದಕ್ಕೆ ಮರುಗುತ್ತೇನೆ. ಎರಡನೆಯದಕ್ಕೆ ಸಿಟ್ಟು ಹಾಗೇ ಇದೆ. ಎರಡೂ ಒಟ್ಟಿಗೇ ಇರುತ್ತವೆ, ಏನು ಮಾಡಲಿ?

ನಿನ್ನ ಅಮ್ಮ

*

ಜೂನ್ 21

ಅಮ್ಮ,

ಕೇಳು.

ಹೋದ ತಿಂಗಳ ಕೊನೆಯ ಭಾನುವಾರ ಆಟ ಶುರುವಾಗುವ ಮುಂಚೆ ಸೂಲಗಿತ್ತಿಯನ್ನು ವಾಪಸ್ ಕರೆದೆ. ನಿನ್ನ ಮ್ಯೂಟ್ ತೆಗೆದೆ. ನೀನು ಅವತ್ತು ಒಂದಕ್ಷರ ಬರೆಯದೆ ಸುಮ್ಮನೆ ಓದುತ್ತಿದ್ದೆ ಎಂದು ನನಗೆ ಗೊತ್ತು. ಹೆಸರಿನ ಪಕ್ಕದ ಹಸಿರು ಚುಕ್ಕಿ ಕಾಣುತ್ತಿತ್ತು. ನೀನು ನೋಡಿದ್ದೀ, ಆದರೂ ಬರೆಯುತ್ತೇನೆ.

‘ಬಾಗಿಲಮ್ಮ ಅಗುಳಿ ತೆಗೆಯಲಿಲ್ಲ. ಅದನ್ನು ಬರೆದದ್ದು ನಾನು. ಅವರನ್ನು ಕೇಳದೆ ಬರೆದೆ. ಸೂಲಗಿತ್ತಿಯ ವಿಷಯದಲ್ಲೂ ಹಾಗೇ ಮಾಡಿದೆ. ಸೇನಾಪತಿಯ ದಾಳಗಳನ್ನು ಮುಚ್ಚಿಟ್ಟಿದ್ದೇನೆ. ಈಗ ಎಲ್ಲವನ್ನೂ ಹಾಕುತ್ತಿದ್ದೇನೆ’ ಎಂದು ಬರೆದು, ಹನ್ನೊಂದು ದಾಳಗಳನ್ನೂ ಪರದೆಗೆ ಹಾಕಿದೆ. ಏಳರಲ್ಲಿ ಅವರು ಸೋತಿದ್ದರು.

ನಾನು ಎದ್ದು ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡು ಬಂದೆ.

‘ಅಮ್ಮ ಮಗಳ ಜಗಳ ಮನೇಲಿ ಇಟ್ಕೊಳ್ಳಿ. ನಮ್ಮ ಭಾನುವಾರ ಹಾಳು ಮಾಡ್ಬೇಡಿ’ ಎಂದು ಸೇನಾಪತಿ ಬರೆದರು.

ಕ್ಷೌರಿಕರು ಬರೆದರು, ‘ನಾನು ಅವರ ಅಮ್ಮನೂ ಅಲ್ಲ, ಮಗಳೂ ಅಲ್ಲ. ನನ್ನ ಜಡೆ ಹಿಡಿದ್ರಲ್ಲ, ಅದರ ದಾಳ ತೋರ್ಸಿ ಸ್ವಾಮಿ.’

ಸೇನಾಪತಿ ಗುಂಪು ಬಿಟ್ಟರು.

ಬೇಕರಿಯವರು ನನ್ನನ್ನು ಚೆನ್ನಾಗಿ ಬೈದರು. ಮೂರು ತಿಂಗಳು ಒಬ್ಬ ಮುದುಕಿಯನ್ನು ನಮ್ಮ ಕೈಯಲ್ಲಿ ಬೈಸಿದೆಯಲ್ಲ ಎಂದರು. ಸುಮ್ಮನೆ ಬೈಸಿಕೊಂಡೆ. ಫೆಬ್ರವರಿಯ ಆ ಭಾನುವಾರಕ್ಕೆ ಕಥೆಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗೋಣವೇ ಎಂದು ಎಲ್ಲರನ್ನೂ ಕೇಳಿದಾಗ ಮೊದಲು ಒಪ್ಪಿದವರು ಅವರೇ. ‘ಸುಟ್ಟ ಬೇಕರಿ ವಾಪಸ್ ಬರುತ್ತೆ ಅಂದ್ರೆ ಯಾರು ಬೇಡ ಅಂತಾರೆ’ ಎಂದರು. ಸೂತ್ರಧಾರಿಯ ಕೆಲಸ ನಾನು ಬಿಟ್ಟಿದ್ದೇನೆ. ಎಲ್ಲರೂ ಸೇರಿ ಕ್ಷೌರಿಕರಿಗೆ ಕೊಟ್ಟರು.

ಈಗ ಗುಂಡಿ. ಸೋಮವಾರ ನನ್ನನ್ನು ಊರಿನ ಆ ಕೊನೆಯ ಕಟ್ಟಡದ ಗುಂಡಿಗೆ ಹಾಕಿದರು. ಕಾಯುತ್ತಲೇ ಇದ್ದೆ, ಇಳಿದೆ. ಸಂಜೆ ಕೈ ತೊಳೆದುಕೊಂಡು ಉಳಿದ ಐವರ ಹತ್ತಿರ ಒಬ್ಬೊಬ್ಬರಾಗಿ ಹೋದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಮೆಕ್ಯಾನಿಕ್ಕನ್ನು ನಾವು ದೊಡ್ಡಣ್ಣ ಎನ್ನುತ್ತೇವೆ. ಆಟದ ಕಥೆಯೆಲ್ಲ ಕೇಳಿ ಅವರು ತಲೆ ಕೆರೆದುಕೊಂಡರು.

‘ನಂಗೆ ಮೂರು ವರ್ಷದಿಂದ ಒಂದು ಶನಿವಾರ ರಜ ಸಿಕ್ಕಿಲ್ಲ ಕಣಮ್ಮ. ನಾನು ಯಾವ ಆಟಾನೂ ಆಡಿಲ್ವಲ್ಲ?’

‘ನೀವು ಯಾಕೆ ಕೇಳ್ಲಿಲ್ಲ ಅಣ್ಣ?’

‘ನೀನು ಯಾಕೆ ಕೇಳ್ಲಿಲ್ಲ?’

ನಾಲ್ವರು ನನ್ನ ಜೊತೆ ಸಹಿ ಹಾಕಿದರು. ಒಬ್ಬ ಹಾಕಲಿಲ್ಲ, ಅವನಿಗೆ ಯಾವಾಗಲೂ ಮೋಟರ್ ಕೋಣೆ. ಪಟ್ಟಿ ಬೇಕು, ಗೋಡೆಯ ಮೇಲೆ ಬೇಕು, ಗುಂಡಿ ಕೆಲಸ ಸರದಿಯ ಮೇಲೆ ಬೇಕು ಎಂದು ಆಫೀಸಿಗೆ ಬರೆದುಕೊಟ್ಟೆವು. ಎರಡು ವಾರ ಕಾದೆವು. ಆ ಎರಡು ವಾರವೂ ನಾನು ಗುಂಡಿಯಲ್ಲೇ ಇದ್ದೆ. ಆಮೇಲೆ ಕರೆಸಿದರು.

ಪಟ್ಟಿ ಬಂದಿದೆ ಅಮ್ಮ. ಟೈಪು ಮಾಡಿ ಬೀರುವಿನ ಪಕ್ಕ ಅಂಟಿಸಿದ್ದಾರೆ. ಆದರೆ ಮೇಲ್ವಿಚಾರಕರಿಗೆ ಏನೂ ಆಗಲಿಲ್ಲ. ‘ತಪ್ಪು ತಿಳುವಳಿಕೆ’ ಎಂದು ಬರೆದು ಫೈಲು ಮುಚ್ಚಿದರು. ತಪ್ಪು ತಿಳುವಳಿಕೆಯಂತೆ! ಹತ್ತು ತಿಂಗಳು ನನ್ನ ಬೆರಳು ಊದಿದ್ದು ತಿಳುವಳಿಕೆಯಿಂದಲೋ? ಅಲ್ಲೇ ಆಫೀಸಿನ ಮೇಡಂ ಮೇಜಿನ ಮುಂದೆ ನಿಂತು ಕೇಳಿದೆ, ‘ತಪ್ಪು ತಿಳ್ಕೊಂಡಿದ್ದು ಯಾರು ಮೇಡಂ, ನಾನಾ ಅವರಾ? ಅದನ್ನೂ ಬರೀರಿ.’ ಬರೆಯಲಿಲ್ಲ. ಸೋಮವಾರ ಗುಂಡಿಗೆ ಇಳಿಯುವ ಸರದಿ ದೊಡ್ಡಣ್ಣನದು. ಗೊಣಗುತ್ತಿದ್ದಾರೆ.

ಮುಂದಿನ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಿನ್ನ ಬಾಗಿಲು ನಿನ್ನದು. ಬರುತ್ತೀಯಲ್ಲ?

ನಿನ್ನ ಮಗಳು

*

ಜುಲೈ 14

ಅಮ್ಮ!

ಇದಕ್ಕೇನು ಹೇಳಬೇಕು ನಾನು?

ಐದು ತಿಂಗಳು ಆ ಬಾಗಿಲಿನ ಮೇಲೆ ರಂಪ ಮಾಡಿದೆ. ನಾನು ಎಂಟು ಜನರೆದುರು ತಪ್ಪೊಪ್ಪಿಕೊಂಡೆ. ಸೂತ್ರಧಾರಿಯ ಕೆಲಸ ಬಿಟ್ಟೆ. ಮೇಲ್ವಿಚಾರಕರು ಈಗಲೂ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಇಷ್ಟೆಲ್ಲ ಆಗಿ ನಿನ್ನೆ ಕಥೆ ಹಿಂದಕ್ಕೆ ಬಂತು, ಊರು ಎದ್ದು ನಿಂತಿತು, ಬೇಕರಿಯಲ್ಲಿ ಒಲೆ ಹೊತ್ತಿತು. ಸೇನಾಪತಿ ಇಲ್ಲದ ಸೈನ್ಯ ಬಾಗಿಲ ಹೊರಗೆ ಬಿಸಿಲಲ್ಲಿ ನಿಂತಿತ್ತು. ಒಬ್ಬ ಸಿಪಾಯಿ ಮುಂದೆ ಬಂದು ಬಾಗಿಲು ತಟ್ಟಿದ. ‘ಅಮ್ಮಾ, ನಮ್ಮ ಯಜಮಾನ ಓಡಿಹೋದ. ಮೂರು ದಿನದಿಂದ ನೀರಿಲ್ಲ’ ಎಂದ.

ಕ್ಷೌರಿಕರು ಕೇಳಿದರು, ‘ಬಾಗಿಲಮ್ಮ, ಏನು ಮಾಡ್ತೀರಿ? ನಿಧಾನ ಹೇಳಿ, ಕಾಯ್ತೀವಿ.’

ಎಲ್ಲರೂ ಕಾದೆವು. ನೀನು ಬರೆಯುತ್ತಿದ್ದೀ, ಅಳಿಸುತ್ತಿದ್ದೀ ಎಂದು ಕಾಣುತ್ತಿತ್ತು. ನಾನು ಉಗುರು ಕಚ್ಚುತ್ತಿದ್ದೆ. ಕೊನೆಗೆ ಬಂತು: ‘ಬಾಗಿಲಮ್ಮ ಜೋರಾಗಿ ಆಕಳಿಸಿದಳು. ಕತ್ತಿಗಳನ್ನು ಅಲ್ಲೇ ಹಾಕಿ ಬನ್ನಿ ಎಂದಳು. ಅಗುಳಿ ತೆಗೆದಳು.’

ತೆಗೆದೆಯಾ? ತೆಗೆದೇಬಿಟ್ಟೆಯಾ? ಬೇಕರಿಯವರು ಹತ್ತು ನಿಮಿಷ ಬರೀ ಬೆಪ್ಪಾದ ಮುಖಗಳನ್ನೇ ಹಾಕುತ್ತಿದ್ದರು. ಇದಕ್ಕೇ ಆಗಿದ್ದರೆ ಫೆಬ್ರವರಿಯಲ್ಲೇ ತೆಗೆದದ್ದಾಗಿತ್ತಲ್ಲ!

ಇನ್ನೂ ಒಂದು ಕೇಳಬೇಕು. ಆ ಸಿಪಾಯಿಯ ಪಾತ್ರ ಮಾಡಿದ್ದು ನಾನು. ಯಾರೆಂದು ಹೇಳಬೇಡಿ ಎಂದು ಕ್ಷೌರಿಕರನ್ನು ಕೇಳಿಕೊಂಡಿದ್ದೆ. ಅವರು ನಿನಗೆ ಹೇಳಿಬಿಟ್ಟರಾ? ಬಾಗಿಲು ತಟ್ಟುತ್ತಿರುವುದು ನಾನೆಂದು ಗೊತ್ತಿದ್ದು ತೆಗೆದೆಯಾ? ಹಾಗಿದ್ದರೆ ಅದು ಪಕ್ಷಪಾತ ಅಮ್ಮ. ಇಷ್ಟು ದಿನ ನನಗೆ ಪಾಠ ಹೇಳಿ ನೀನೇ ಹಾಗೆ ಮಾಡಿದರೆ ನಾನು ಒಪ್ಪುವುದಿಲ್ಲ. ನಿಜ ಬರೆ.

ನಿನ್ನ ಮಗಳು

*

ಜುಲೈ 18

ಮಗಳೇ,

ಹೌದು, ತೆಗೆದೆ. ಫೆಬ್ರವರಿಯಲ್ಲಿ ತೆಗೆಯಬಹುದಿತ್ತಲ್ಲ ಎಂದು ಕೇಳುತ್ತೀ. ಆಗ ನನ್ನನ್ನು ಯಾರು ಕೇಳಿದರು? ಕತ್ತಿ ತೋರಿಸಿದರು. ಈ ಸಲ ಒಬ್ಬ ಬಾಯಾರಿಕೆ ಎಂದು ಬಾಗಿಲು ತಟ್ಟಿದ, ಸೂತ್ರಧಾರಿ ‘ಏನು ಮಾಡ್ತೀರಿ’ ಎಂದು ಕೇಳಿ ಸುಮ್ಮನೆ ಕಾದರು. ತೆಗೆಯಲೋ ಬೇಡವೋ ಎಂದು ಎರಡೂ ಕಡೆ ತೂಗಿ ನೋಡುವಷ್ಟು ಹೊತ್ತು ನನಗೆ ಸಿಕ್ಕಿತು. ನೋಡಿದೆ. ತೆಗೆದೆ. ಬೇಕರಿಯವರಿಗೆ ಸಿಟ್ಟಿದ್ದರೆ ಭಾನುವಾರ ನನ್ನ ಜೊತೆ ಜಗಳ ಆಡಲಿ; ಈಗ ಬೈಸಿಕೊಳ್ಳಲು ನನಗೆ ಬೇಸರವಿಲ್ಲ, ನಾನೇ ಮಾಡಿದ ಕೆಲಸವಲ್ಲವೇ?

ಆಫೀಸಿನವರು ಬರೆದ ‘ತಪ್ಪು ತಿಳುವಳಿಕೆ’ ನನಗೆ ಇನ್ನೂ ಒಪ್ಪಿಗೆಯಿಲ್ಲ. ಅದನ್ನು ಬಿಡಬೇಡ. ಮೇಲಿನವರಿಗೆ ಇನ್ನೊಂದು ಕಾಗದ ಬರೆಯುವುದಾದರೆ ಬರೆ. ಪೆನ್ನು ನಿನ್ನದು, ಕಾಗುಣಿತ ನೋಡಿಕೊಡು ಎಂದರೆ ನೋಡಿಕೊಡುತ್ತೇನೆ.

ಸಿಪಾಯಿಯ ವಿಷಯ. ಕ್ಷೌರಿಕರು ಬಾಯಿ ಬಿಟ್ಟಿಲ್ಲ, ಅವರ ಮೇಲೆ ಅನುಮಾನ ಬೇಡ. ಪಕ್ಷಪಾತ ಎಂಬ ಮಾತನ್ನು ವಾಪಸ್ ತೆಗೆದುಕೋ. ಹೊರಗಿದ್ದದ್ದು ನೀನೆಂದು ನನಗೆ ಗೊತ್ತಿರಲಿಲ್ಲ.

ಗೊತ್ತಿದ್ದರೆ ಇನ್ನೂ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಿಸುತ್ತಿದ್ದೆ.

ನಿನ್ನ ಅಮ್ಮ